ಬೀಗಿತ್ತಿಯ ಸೋಪಿನ ನೀರು

ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿ ತಲೆಕೂದಲು ಬೆಳ್ಳಗೆ ಮಾಡಿಕೊಂಡವಳಿಗೆ ಮನುಷ್ಯರನ್ನು ಒಂದೇ ನೋಟಕ್ಕೆ ಅಳೆದುಬಿಡುವ ಚಟ ಬಿಟ್ಟು ಹೋಗುವುದಿಲ್ಲ. ನಿವೃತ್ತಿಯಾಗಿ ಮಗನ ಮನೆ ಸೇರಿದ ಮೇಲೂ ಎಲ್ಲರ ಬಾಯಲ್ಲಿ ಆಕೆ ವಾರ್ಡನಮ್ಮನೇ. ಈ ವಾರ್ಡನಮ್ಮ ತನ್ನ ಬೀಗರನ್ನು, ಅಂದರೆ ಸೊಸೆಯ ಅಪ್ಪನನ್ನು, ಮದುವೆಯ ಮಾತುಕತೆಯ ದಿನವೇ ಅಳೆದು ಪಕ್ಕಕ್ಕಿಟ್ಟಿದ್ದಳು. ಅರ್ಧ ಸೇರಿನ ಪಾತ್ರೆ, ಎರಡು ಸೇರಿನ ಸದ್ದು.

ಬೀಗರು ಕೀಟನಾಶಕದ ಅಂಗಡಿ ಇಟ್ಟಿದ್ದವರು. ಅದನ್ನು ಅಂಗಡಿ ಅಂದರೆ ಅವರಿಗೆ ಮೂಗಿನ ಮೇಲೆ ಸಿಟ್ಟು. 'ಸಸ್ಯ ಚಿಕಿತ್ಸಾಲಯ' ಎಂದು ದೊಡ್ಡ ಬೋರ್ಡು ಬರೆಸಿ, ಬಿಳಿ ಕೋಟು ಹಾಕಿಕೊಂಡು ಕೂರುತ್ತಿದ್ದರಂತೆ. ರೋಗಿಯನ್ನೇ ನೋಡದೆ ಔಷಧಿ ಕೊಡುವ ಡಾಕ್ಟರು ಜಗತ್ತಿನಲ್ಲಿ ಇವರೊಬ್ಬರೇ ಎಂದು ವಾರ್ಡನಮ್ಮ ಮಗನ ಹತ್ತಿರ ಅಂದಿದ್ದಳು. ಮಗ ಪ್ರೆಸ್ಸಿನಲ್ಲಿ ಕೆಲಸ ಮಾಡುವವನು, ಯಂತ್ರದ ಸದ್ದಿಗೆ ಒಗ್ಗಿಹೋಗಿದ್ದ ಕಿವಿ. ಅಮ್ಮನ ಮಾತೂ ಆ ಸದ್ದಿನಲ್ಲೇ ಸೇರಿಹೋಯಿತು.

ಕಣ್ಣಿನ ಪೊರೆ ತೆಗೆಸಿಕೊಂಡ ಬೀಗರು ಆರೈಕೆಗೆಂದು ಮಗಳ ಮನೆಗೆ ಬಂದಿಳಿದರು. ಬೀಗರು ಅಂದಮೇಲೆ ಬಹುವಚನ ಬಿಡುವಂತಿಲ್ಲ. ಹಾಗಾಗಿ ಆ ಮನೆಯಲ್ಲಿ ತಿರಸ್ಕಾರವೆಲ್ಲ ಬಹುವಚನದಲ್ಲೇ ನಡೆಯುತ್ತಿತ್ತು. "ತಾವು ಇನ್ನೊಂದು ಲೋಟ ಕಾಫಿ ತಗೋಬೇಕು" ಎನ್ನುವಾಗ ವಾರ್ಡನಮ್ಮನ ದನಿಯಲ್ಲಿ 'ಎಷ್ಟು ಕುಡಿದರೂ ತುಂಬದ ಹೊಟ್ಟೆ' ಎಂಬುದು ಸ್ಪಷ್ಟವಾಗಿ ಕೇಳಿಸುತ್ತಿತ್ತು. "ತಮ್ಮ ಕೈಯ ರುಚಿ ಬೇರೆಯವರಿಗೆ ಬರಲ್ಲ ಬೀಗಿತ್ತಿಯವರೇ" ಎಂದು ಅವರೂ ಕಾಫಿಯ ಮೇಲೆ ಮುಖ ಹಿಂಡುತ್ತಿದ್ದರು.

ಜಗಳಕ್ಕೆ ಮೈದಾನವಾಗಿದ್ದು ತಾರಸಿ. ವಾರ್ಡನಮ್ಮ ಹಳೇ ಬಕೆಟ್ಟು, ಒಡೆದ ಟಬ್ಬು, ಪೇಂಟಿನ ಡಬ್ಬಗಳಲ್ಲಿ ಟೊಮೆಟೊ, ಬದನೆ, ಬೀನ್ಸು ಬೆಳೆಸಿದ್ದಳು. ಮೊಮ್ಮಗಳು ಪುಟ್ಟಿ ಬೆಳಿಗ್ಗೆ ಎದ್ದು ಹಲ್ಲುಜ್ಜುವುದಕ್ಕೂ ಮೊದಲು ಓಡಿಹೋಗಿ ಯಾವ ಟೊಮೆಟೊ ಕೆಂಪಾಯಿತು ಅಂತ ನೋಡಬೇಕು. ಆ ಸಲ ಬೀನ್ಸಿನ ಕುಡಿಗಳಿಗೆ ಕಪ್ಪು ಹೇನು ಮುತ್ತಿಕೊಂಡವು. ಟೊಮೆಟೊ ಎಲೆ ಅಲ್ಲಾಡಿಸಿದರೆ ಹಿಟ್ಟು ಎರಚಿದಂತೆ ಬಿಳಿನೊಣ ಏಳುತ್ತಿದ್ದವು. ವಾರ್ಡನಮ್ಮ ಪಾತ್ರೆ ತೊಳೆಯುವ ಸೋಪಿನ ದ್ರಾವಣವನ್ನು ಧಾರಾಳವಾಗಿ ನೀರಿಗೆ ಸುರಿದು, ಬಟ್ಟೆ ಇಸ್ತ್ರಿ ಮಾಡುವಾಗ ನೀರು ಚಿಮುಕಿಸುವ ಬಾಟಲಿಗೆ ತುಂಬಿ, ಸುಡುಬಿಸಿಲಲ್ಲಿ ನಿಂತು ಗಿಡಗಳಿಗೆಲ್ಲ ಹೊಡೆದಳು.

ಬೀಗರು ಕಪ್ಪು ಕನ್ನಡಕ ಏರಿಸಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ಏನು ಬೀಗಿತ್ತಿಯವರೇ, ಹುಳಗಳಿಗೆ ಅಭ್ಯಂಜನವೋ?"

"ಹೌದು ಬೀಗರೇ. ಕೊಳೆ ಇರೋ ಕಡೆ ಸೋಪು ಹಾಕಲೇಬೇಕಲ್ಲ."

"ಸ್ನಾನ ಮಾಡಿಸಿದರೆ ಶತ್ರು ಸಾಯೋದಾಗಿದ್ದರೆ ಸೈನ್ಯ ಯಾಕೆ ಬೇಕಿತ್ತು? ಒಂದು ಮುಚ್ಚಳ ನನ್ನ ಔಷಧಿ ಹಾಕಿ, ನಾಳೆಗೆ ಸಾಫ್."

"ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಬಿಡೋರು ತಾವು. ಇದು ಮಗು ತಿನ್ನೋ ಗಿಡ."

ಮಾರನೇ ದಿನ ನೋಡಿದರೆ ಎಲೆಗಳ ಅಂಚು ಸುಟ್ಟ ಕಾಗದದಂತೆ ಮುರುಟಿದ್ದವು. ಸೋಪು ಖಾರವಾಗಿತ್ತು, ಬಿಸಿಲು ಅದಕ್ಕಿಂತ ಖಾರವಾಗಿತ್ತು. ಬೀಗರು ಒಂದು ಎಲೆ ಕಿತ್ತು ಊಟದ ಟೇಬಲ್ಲಿನ ಮೇಲೆ, ಉಪ್ಪಿನ ಡಬ್ಬಿಯ ಪಕ್ಕ, ಎಲ್ಲರಿಗೂ ಕಾಣುವಂತೆ ಇಟ್ಟು ಹೋದರು. ಬೈದಿದ್ದರೆ ವಾರ್ಡನಮ್ಮ ಸಹಿಸುತ್ತಿದ್ದಳು. ಆ ಎಲೆಯನ್ನು ಮಾತ್ರ ಸಹಿಸಲಿಲ್ಲ.

ಹಟ ಬಂತು. ಕೆಳಮನೆಯ ಟೀಚರನ್ನು ಕೇಳಿ, ಅವರಿವರನ್ನು ಕೇಳಿ, ಹದ ಕಲಿತಳು. ಬಣ್ಣ ವಾಸನೆ ಇಲ್ಲದ ಸಾದಾ ಸೋಪನ್ನು ತುರಿದು ಬಿಸಿನೀರಲ್ಲಿ ಕರಗಿಸಿ, ದೊಡ್ಡ ಬಾಟಲಿ ನೀರಿಗೆ ಅದರಿಂದ ಒಂದೇ ಚಮಚ. ಮೊದಲು ಒಂದೇ ಎಲೆಗೆ ಹೊಡೆದು ನೋಡಿ, ಆಮೇಲೆ ಉಳಿದದ್ದಕ್ಕೆ. ಬಿಸಿಲು ಇಳಿದ ಮೇಲೆ ಎಲೆಯ ಹೊಟ್ಟೆ ಕಡೆ, ಹುಳದ ಮೈಗೆ ತಾಗುವಂತೆ ಹೊಡೆಯಬೇಕು, ಆಮೇಲೆ ಬರೀ ನೀರಲ್ಲಿ ತೊಳೆಯಬೇಕು. ಅಷ್ಟು ಮಾಡಿದರೂ ಅರ್ಧ ಹೇನು ಉದುರಿದರೆ ಇನ್ನರ್ಧ ಮೂರು ದಿನಕ್ಕೆ ಮತ್ತೆ ಹಾಜರು. ಮತ್ತೆ ಹೊಡೆಯಬೇಕು. ಸೊಂಟ ಬಗ್ಗಿಸಿ ಬಗ್ಗಿಸಿ ಸಾಕಾಗುತ್ತಿತ್ತು. ಬೀಗರು ಪ್ರತಿ ಸಂಜೆ ಕುರ್ಚಿ ತಂದು ಹಾಕಿಕೊಂಡು ಸಿನಿಮಾ ನೋಡುವವರ ಹಾಗೆ ನೋಡುತ್ತಿದ್ದರು.

ಹೀಗಿರುವಾಗ ಒಂದು ಬೆಳಿಗ್ಗೆ ವಾರ್ಡನಮ್ಮ ವಾಕಿಂಗ್ ಮುಗಿಸಿ ಬಂದು ತಾರಸಿ ಹತ್ತಿದಳು. ಬೀನ್ಸಿನ ಕುಡಿಯಲ್ಲಿ ಒಂದೂ ಹೇನಿಲ್ಲ. ಟೊಮೆಟೊ ಗಿಡ ಅಲ್ಲಾಡಿಸಿದಳು. ಒಂದು ನೊಣವೂ ಏಳಲಿಲ್ಲ. ಹಿಗ್ಗಿನಿಂದ ಎದೆ ಉಬ್ಬಿತು. ಆಮೇಲೆ ಕಣ್ಣು ಕೆಳಗೆ ಹೋಯಿತು. ಬಕೆಟ್ಟಿನ ಸುತ್ತ ಇರುವೆಗಳು ಸಾಲು ಸಾಲಾಗಿ ಸತ್ತುಬಿದ್ದಿದ್ದವು. ಹೇನು ತಿನ್ನುತ್ತಿದ್ದ ಕೆಂಪು ಗುಲಗಂಜಿ ಹುಳಗಳು ಬೆನ್ನಡಿಯಾಗಿ ಬಿದ್ದಿದ್ದವು. ಬದನೆ ಹೂವಿನ ಕೆಳಗೆ ಎರಡು ಜೇನುನೊಣ ಕಾಲು ಮಡಚಿಕೊಂಡಿದ್ದವು. ಗಾಳಿಯಲ್ಲಿ ಸೋಪಿನದಲ್ಲದ ಒಂದು ಕಟುವಾಸನೆ, ಇತ್ತೋ ಇಲ್ಲವೋ ಎಂಬಷ್ಟು.

ವಾರ್ಡನಮ್ಮ ಬಗ್ಗಿ ಎಲೆಯೊಂದನ್ನು ಮೂಸಿದಳು. ಅಷ್ಟರಲ್ಲಿ ಟೀಚರ್ ಬಟ್ಟೆ ಒಣಹಾಕಲು ಮೇಲೆ ಬಂದು, "ಅಯ್ಯೋ ವಾರ್ಡನಮ್ಮ! ಎಲ್ಲ ಹೋಗಿಬಿಟ್ಟಿದೆಯಲ್ಲ! ನಿಮ್ಮ ಸೋಪಿಗೆ ಕೈ ಮುಗೀಬೇಕು" ಅಂದರು. ವಾರ್ಡನಮ್ಮ ಪೊರಕೆ ತಗೊಂಡು ಸತ್ತ ಹುಳಗಳನ್ನೆಲ್ಲ ಗುಡಿಸಿ ಮೋರಿಗೆ ತಳ್ಳುತ್ತಾ, "ಹದ ಗೊತ್ತಿರಬೇಕು ಅಷ್ಟೇ" ಅಂದಳು.

ಹೊಗಳಿಕೆ ಮನೆಯಿಂದ ಮನೆಗೆ ಹರಡಿತು. ಬಾಟಲಿ ಹಿಡಿದುಕೊಂಡು ಬಂದವರಿಗೆಲ್ಲ ವಾರ್ಡನಮ್ಮ ಪಾಠ ಮಾಡಿದಳು. ವಿಚಿತ್ರ ಎಂದರೆ ಬೀಗರೂ ಹೊಗಳತೊಡಗಿದರು. "ನಾನು ಸೋತೆ ಬೀಗಿತ್ತಿಯವರೇ, ಚಿಕಿತ್ಸಾಲಯ ಮುಚ್ಚಿದ್ದೇ ಒಳ್ಳೇದಾಯ್ತು." ಜನ್ಮದಲ್ಲಿ ಸೋಲೊಪ್ಪದ ಮನುಷ್ಯ ಹೀಗೆ ಬೆಣ್ಣೆ ಹಚ್ಚುವಾಗ ಚಾಕು ಎಲ್ಲಿದೆ ಅಂತ ಹುಡುಕಬೇಕಿತ್ತು. ವಾರ್ಡನಮ್ಮನಿಗೆ ಆ ಬೆಣ್ಣೆ ಹಿತವಾಗಿತ್ತು.

ಆ ಭಾನುವಾರ ಟೀಚರನ್ನು ಊಟಕ್ಕೆ ಕರೆದಿದ್ದರು. ಟೇಬಲ್ಲಿನ ನಡುವೆ ತಟ್ಟೆ ತುಂಬ ತಾರಸಿಯ ಟೊಮೆಟೊ ಹೋಳು, ಎಳೆ ಬೀನ್ಸು. ಪುಟ್ಟಿ ಅಮ್ಮನ ತೊಡೆಯ ಮೇಲೆ ಕೂತು ಟೊಮೆಟೊ ರಸವನ್ನು ಮೊಣಕೈವರೆಗೆ ಇಳಿಸಿಕೊಂಡು ತಿನ್ನುತ್ತಿದ್ದಳು. ಟೀಚರ್ ಮತ್ತೆ ಸೋಪಿನ ಮಾತು ತೆಗೆದರು. ಬೀಗರು ಕೈ ಒರೆಸಿಕೊಂಡು, ಕನ್ನಡಕ ಸರಿಮಾಡಿಕೊಂಡು, ಗಂಟಲು ಕೆರೆದುಕೊಂಡರು. ಬೋರ್ಡಿನ ಕೆಳಗೆ ಬಿಳಿ ಕೋಟಲ್ಲಿ ಕೂತಾಗಿನ ಗತ್ತು ಮುಖಕ್ಕೆ ಬಂತು.

"ಟೀಚರ್, ತಮಗೊಂದು ಸತ್ಯ ಹೇಳಲಾ? ಬೀಗಿತ್ತಿಯವರ ಸೋಪಿಂದ ಒಂದು ಹುಳವೂ ಸತ್ತಿಲ್ಲ. ಇವರು ವಾಕಿಂಗ್ ಹೋದಾಗ ಔಷಧಿ ಹೊಡೆದೋನು ನಾನು! ಬ್ಯಾಗಲ್ಲೇ ಇತ್ತು. ಈ ಹೊಗಳಿಕೆ ಎಲ್ಲಿವರೆಗೆ ಹೋಗುತ್ತೆ ನೋಡೋಣ ಅಂತ ಸುಮ್ಮನಿದ್ದೆ."

ಹೇಳಿ ಜೋರಾಗಿ ನಕ್ಕರು. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುತ್ತಾರಲ್ಲ, ಆ ಮಾತಿಗೆ ಅರ್ಥ ಅಂದು ಆ ಟೇಬಲ್ಲಿನ ಸುತ್ತ ಸಿಕ್ಕಿತು. ನಗು ಒಂಟಿಯಾಗಿ ಸ್ವಲ್ಪ ದೂರ ಹೋಗಿ ನಿಂತಿತು. ಟೀಚರ್ ಬಾಯಲ್ಲಿದ್ದುದನ್ನು ಅಂಗೈಗೆ ಉಗುಳಿಕೊಂಡರು.

ಸೊಸೆ ಆಸ್ಪತ್ರೆಯಲ್ಲಿ ನರ್ಸು. ಮೊದಲು ಪುಟ್ಟಿಯ ಕೈಯಲ್ಲಿದ್ದ ಟೊಮೆಟೊ ಕಿತ್ತುಕೊಂಡಳು, ಬಾಯಲ್ಲಿದ್ದುದನ್ನು ಬೆರಳು ಹಾಕಿ ತೆಗೆದಳು. ಮಗು ಕಿರುಚಿಕೊಂಡಿತು.

"ಅಪ್ಪ, ಬಾಟಲಿ ಎಲ್ಲಿ?"

"ಏನೂ ಆಗಲ್ಲ ಕಣಮ್ಮ, ನಾನು ಹಾಕಿದ್ದು ಒಂದೇ ಮುಚ್ಚಳ."

"ಬಾಟಲಿ ತನ್ನಿ."

ತಂದರು. ಸೊಸೆ ಲೇಬಲ್ ಓದಿದಳು. ಹೊಡೆದ ಮೇಲೆ ಎರಡು ವಾರ ಕಾಯಿ ಕೀಳಬಾರದು ಎಂದು ಕೆಂಪಕ್ಷರದಲ್ಲಿತ್ತು. ಹೊಡೆದು ಇನ್ನೂ ವಾರ ತುಂಬಿರಲಿಲ್ಲ. ಪುಟ್ಟಿ ಅಷ್ಟೂ ದಿನ ತಿಂದಿದ್ದಳು.

"ಜೀವಮಾನವೆಲ್ಲ ಮಾರಿದ್ದೀನಿ. ನನ್ನ ಔಷಧಿಯಿಂದ ಸತ್ತೋರು ಅಂತ ಒಬ್ಬರೂ ಬಂದು ಹೇಳಿಲ್ಲ" ಎಂದರು ಬೀಗರು. ದನಿ ಆಗಲೇ ಸಣ್ಣದಾಗಿತ್ತು.

"ಸತ್ತೋರು ಬಂದು ಹೇಳಲ್ಲ ಬೀಗರೇ" ಎಂದಳು ವಾರ್ಡನಮ್ಮ.

ಮಗ ಸ್ಕೂಟರ್ ತೆಗೆದ. ಆಸ್ಪತ್ರೆಯಲ್ಲಿ ರಕ್ತ ತೆಗೆದು ಪರೀಕ್ಷೆ ಮಾಡಿ, ಕಣ್ಣಿಗೆ ಟಾರ್ಚು ಬಿಟ್ಟು, ಕತ್ತಲಾಗುವವರೆಗೆ ಇಟ್ಟುಕೊಂಡು, ಏನೂ ತೊಂದರೆಯಿಲ್ಲ, ಆದರೂ ಕಣ್ಣಿಟ್ಟಿರಿ ಎಂದು ಕಳಿಸಿದರು. ಅಷ್ಟು ಹೊತ್ತೂ ಬೀಗರು ಎತ್ತಿಡದ ಎಂಜಲು ತಟ್ಟೆಗಳ ಮುಂದೆ ಕೂತಿದ್ದರು. ಎದುರು ಕುರ್ಚಿಯಲ್ಲಿ ವಾರ್ಡನಮ್ಮ. ಎದ್ದುಹೋಗಬಹುದಿತ್ತು, ಆ ಮನುಷ್ಯ ಕುಗ್ಗುವುದನ್ನು ಪೂರ್ತಿ ನೋಡಬೇಕಿತ್ತು ಆಕೆಗೆ. ಬೀಗಿತ್ತಿಯನ್ನು ಟೇಬಲ್ಲಿನ ಮುಂದೆ ಸೋಲಿಸುವ ಸುಖಕ್ಕೆ ಮೊಮ್ಮಗಳ ತಟ್ಟೆಗೆ ವಿಷ ಬಂದರೂ ನೆನಪಾಗದ ತಲೆ. ಥೂ ಎನ್ನಲು ಕೂಡ ನಾಲಗೆ ದಂಡ ಎನ್ನಿಸಿತು.

"ನಾನು ಪುಟ್ಟಿ ತಿಂತಾಳೆ ಅನ್ನೋದನ್ನೇ..." ಎಂದು ಬೀಗರು ಒಮ್ಮೆ ಶುರುಮಾಡಿದರು.

"ತಾವು ಯೋಚನೆ ಮಾಡಲಿಲ್ಲ. ತಿಳೀತು" ಎಂದಳು.

ಎರಡು ದಿನಕ್ಕೆ ಬೀಗರು ತಮ್ಮ ಮನೆಗೆ ಹೊರಟರು. ಮಗಳು ಬ್ಯಾಗು ತುಂಬಿಸಿಕೊಟ್ಟಳು, ಕಣ್ಣಿನ ಹನಿಯನ್ನು ಹೇಗೆ ಹಾಕಿಕೊಳ್ಳಬೇಕೆಂದು ರೋಗಿಗೆ ಹೇಳುವಂತೆ ಹೇಳಿದಳು, ಬಾಗಿಲವರೆಗೂ ಬರಲಿಲ್ಲ. ಬೀಗರನ್ನು ಕಳಿಸಿಕೊಟ್ಟವಳು ವಾರ್ಡನಮ್ಮ. "ಮತ್ತೆ ದಯಮಾಡಿಸಬೇಕು" ಎಂದಳು. ಅಷ್ಟು ಹಗುರವಾದ ಸುಳ್ಳನ್ನು ಆಕೆ ಎಂದೂ ಹೇಳಿರಲಿಲ್ಲ.

ಆ ಸಂಜೆ ಅತ್ತೆ ಸೊಸೆ ಸೇರಿ ತಾರಸಿಯ ಗಿಡಗಳನ್ನೆಲ್ಲ ಕಿತ್ತು ಚೀಲಕ್ಕೆ ತುಂಬಿದರು. ವಾರ್ಡನಮ್ಮ ಬೀಗರ ಬುದ್ಧಿಯ ಬಗ್ಗೆ ಒಂದೇ ಸಮನೆ ಹೇಳುತ್ತಿದ್ದಳು. ಸೊಸೆ ಬೇರಿಗಂಟಿದ ಮಣ್ಣು ಕೊಡವುತ್ತಾ ತಲೆಯೆತ್ತದೆ ಕೇಳಿದಳು:

"ಅತ್ತೆ, ಒಂದೇ ದಿನಕ್ಕೆ ಅಷ್ಟೂ ಹುಳ ಹೋಯ್ತಲ್ಲ. ನಿಮಗೆ ಅನುಮಾನ ಬರಲಿಲ್ವಾ?"

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಹಾಸ್ಟೆಲಿನಲ್ಲಿ ಸುಳ್ಳು ಹೇಳುವ ಹುಡುಗಿಯರ ಮುಖವನ್ನು ವರ್ಷಗಟ್ಟಲೆ ನೋಡಿದವಳು. ತನ್ನ ಮುಖ ಈಗ ಹೇಗಿರಬಹುದು ಎಂಬುದು ಆಕೆಗೆ ಚೆನ್ನಾಗಿ ಗೊತ್ತಿತ್ತು.

"ಬಂತು" ಎಂದಳು. "ಜೇನುನೊಣ ಸತ್ತುಬಿದ್ದಿದ್ದವು. ಗುಡಿಸಿ ಹಾಕಿದೆ."

"ಯಾಕೆ?"

"ಟೀಚರ್ ಹೊಗಳ್ತಾ ಇದ್ದರು."

ಸೊಸೆ ತಲೆಯೆತ್ತಿ ನೋಡಿದಳು. ಎರಡು ದಿನದ ಹಿಂದೆ ತನ್ನಪ್ಪನನ್ನು ನೋಡಿದ ಅದೇ ನೋಟ, ಒಂದು ಗುಂಜಿಯೂ ಕಡಿಮೆಯಿಲ್ಲ. ಚೀಲದ ಬಾಯಿ ಕಟ್ಟಿ, ಎತ್ತಿಕೊಂಡು, ಮೆಟ್ಟಿಲಿಳಿದು ಹೋದಳು.

ಆಮೇಲೆ ಮನೆಯಲ್ಲಿ ಬೇಕಾದಷ್ಟೇ ಮಾತು. "ಅತ್ತೆ, ಊಟ." "ಅತ್ತೆ, ಫೋನು." ಕೊನೆಗೂ ಅಮ್ಮ ಸುಮ್ಮನಾದಳಲ್ಲ ಎಂದು ಮಗನಿಗೆ ಆಶ್ಚರ್ಯ. ವಾರ್ಡನಮ್ಮ ಹೊಸ ಮಣ್ಣು ತರಿಸಿ, ಬಕೆಟ್ಟು ಉಜ್ಜಿ ಬಿಸಿಲಿಗಿಟ್ಟು, ಮತ್ತೆ ಬೀನ್ಸು ಬಿತ್ತಿದಳು. ಬಳ್ಳಿ ಎದ್ದಿತು, ಹಿಂದೆಯೇ ಹೇನೂ ಬಂದವು. ಸಂಜೆ ಸಂಜೆ ಸೋಪಿನ ನೀರು ಹೊಡೆದಳು. ಅರ್ಧ ಹೋದವು, ಅರ್ಧ ಉಳಿದವು. ಹೇಗಿದೆ ಎಂದು ಟೀಚರ್ ಕೇಳಿದರೆ, "ಅರ್ಧ ಉಳಿದಿವೆ" ಎಂದಷ್ಟೇ ಹೇಳಿದಳು.

ಬಳ್ಳಿ ಕಾಯಿ ಬಿಟ್ಟಾಗ ಪುಟ್ಟಿ ತಡೆಯಲಾರದೆ ಅಮ್ಮನ ಕೈ ಹಿಡಿದು ತಾರಸಿಗೆ ಎಳೆದುಕೊಂಡು ಬಂದಳು. ಒಂದು ಎಳೆಕಾಯಿಗೆ ಕೈ ಹಾಕಿದಳು. ಸೊಸೆ ಆ ಪುಟ್ಟ ಕೈಯನ್ನು ಮೆಲ್ಲಗೆ ಬಿಡಿಸಿದಳು, ಕಾಯಿಯನ್ನು ತಾನೇ ಕಿತ್ತು ನಲ್ಲಿಯ ಕೆಳಗೆ ತೊಳೆದಳು, ಅತ್ತೆಯ ಮುಂದೆ ಹಿಡಿದಳು.

"ಮೊದಲು ನೀವು ತಿನ್ನಿ."

ವಾರ್ಡನಮ್ಮ ಕೈ ಚಾಚಿ ತಗೊಂಡಳು. ಸೊಸೆ ನೋಡುತ್ತಿದ್ದ ಹಾಗೇ ಪೂರ್ತಿ ಕಾಯಿಯನ್ನು, ತೊಟ್ಟು ಸಮೇತ, ಅಗಿದು ನುಂಗಿದಳು. ಸೊಸೆ ಇನ್ನೂ ಸ್ವಲ್ಪ ಹೊತ್ತು ಕಾದಳು. ಆಮೇಲೆ ಪುಟ್ಟಿಗೆಂದು ಇನ್ನೊಂದು ಕಾಯಿ ಕಿತ್ತಳು.