ಬಯ್ಯಪ್ಪ ಹಿಡಿದ ಮುಖ

"ಅಳಬೇಡಮ್ಮ, ಅಳಬೇಡ. ಸುಮ್ನೆ ನೋಡು," ಎಂದು ಬಯ್ಯಪ್ಪ ಕ್ಯಾಮೆರಾದ ಹಿಂದಿನಿಂದ ಕೂಗಿದ.

ಗಂಗುಲಮ್ಮ ಅಳುತ್ತಿರಲಿಲ್ಲ. ಇಂಜಿನ್ನಿನ ಹೊಗೆ ಕಣ್ಣಿಗೆ ಹೋಗಿ ಸೆರಗಿನಿಂದ ಒರೆಸಿಕೊಂಡಿದ್ದಳು, ಅಷ್ಟೇ. ತೊಂಡೇಭಾವಿ ಕಡೆಯಿಂದ ಬಂದ ಪ್ಯಾಸೆಂಜರ್ ಗೌರಿಬಿದನೂರು ಸ್ಟೇಷನ್ನಿನಲ್ಲಿ ಬುಸುಗುಡುತ್ತ ನಿಂತಿತ್ತು. ಸೀಬೆಹಣ್ಣಿನ ಬುಟ್ಟಿಯನ್ನು ಬೇವಿನ ಮರದಡಿ ಬಿಟ್ಟು ಅವಳು ಡಬ್ಬಿಯಿಂದ ಡಬ್ಬಿಗೆ ನಡೆದಳು. ಇಳಿಯುವವರ ಮುಖಗಳನ್ನು ಒಂದೊಂದಾಗಿ ನೋಡಿದಳು. ಕ್ಯಾಮೆರಾಕ್ಕೆ ಕೊಟ್ಟಿದ್ದ ಚಾವಿ ಮುಗಿದು ಅದರ ಗುರ್ರೆನ್ನುವ ಸದ್ದು ನಿಂತಿತು. ಅವಳು ನಿಲ್ಲಲಿಲ್ಲ. ಗಾರ್ಡು ಹಸಿರು ಬಾವುಟ ಬೀಸಿ, ರೈಲು ಹೊರಟು, ಕೊನೆಯ ಡಬ್ಬಿ ದಾಟುವವರೆಗೂ ಕಿಟಕಿಗಳಲ್ಲಿ ಇಣುಕುತ್ತಲೇ ಇದ್ದಳು.

"ಸಾಕಮ್ಮ, ಮುಗೀತು," ಎಂದ ಬಯ್ಯಪ್ಪ. ಅದು ಅವಳಿಗೆ ಕೇಳಿಸಿದಂತೆ ಕಾಣಲಿಲ್ಲ.

ಬಯ್ಯಪ್ಪ ಮದ್ರಾಸಿನ ಸ್ಟುಡಿಯೋ ಒಂದರಲ್ಲಿ ಟ್ರಾಲಿ ತಳ್ಳುತ್ತ ಕೆಲಸ ಕಲಿತವನು. ಅಲ್ಲಿ ಬೇರೆಯವರ ಕಥೆಗಳಿಗೆ ದೀಪ ಹಿಡಿದು ಸಾಕಾಗಿ, ಹಳೆಯದೊಂದು ಕೈಕ್ಯಾಮೆರಾ ಮತ್ತು ಸ್ಟುಡಿಯೋದವರು ಬಿಸಾಡಿದ ಫಿಲಂ ತುಣುಕುಗಳನ್ನು ಕಟ್ಟಿಕೊಂಡು ಊರಿಗೆ ಬಂದಿದ್ದ. ತನ್ನ ಕಥೆಯನ್ನು ತಾನೇ ಬರೆಯಬೇಕು, ತಾನೇ ಹಿಡಿಯಬೇಕು, ದುಡ್ಡು ಹಾಕುವ ಯಾವ ಧಣಿಯ ಹಂಗೂ ಇರಬಾರದು. ಅದೊಂದೇ ಹಟ. ಜೊತೆಗಿದ್ದವನು ಬಾಲ್ಯದ ಗೆಳೆಯ ನಲ್ಲಪ್ಪ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲಿನ ವ್ಯಾಪಾರಿಯೊಬ್ಬನ ಬಳಿ ಗುಮಾಸ್ತನಾಗಿದ್ದ ಅವನು ಬಯ್ಯಪ್ಪ ಕರೆದಾಗಲೆಲ್ಲ ರಜ ಹಾಕಿ ಬರುತ್ತಿದ್ದ.

ಮೊದಲ ಚಿತ್ರವನ್ನು ಚಿಂತಾಮಣಿಯ ಒಂದು ಛತ್ರದಲ್ಲಿ ತೋರಿಸಿದ್ದರು. ಮಗನನ್ನು ಕಳೆದುಕೊಂಡ ತಾಯಿಯ ಕಥೆ. ಚಿಕ್ಕಬಳ್ಳಾಪುರದ ನಾಟಕ ಕಂಪನಿಯ ಶ್ಯಾಮಲಮ್ಮ ತಾಯಿಯ ಪಾತ್ರದಲ್ಲಿ ಎದೆ ಎದೆ ಬಡಿದುಕೊಂಡು ಅತ್ತಿದ್ದಳು. ಜನ ನಕ್ಕರು. ಹಿಂದಿನ ಸಾಲಿನ ಯಾರೋ ಅವಳಂತೆಯೇ ಗೋಳಾಡಿ ತೋರಿಸಿದಾಗ ಇಡೀ ಛತ್ರ ಕುಲುಕಿತು. ಬಯ್ಯಪ್ಪ ಪ್ರೊಜೆಕ್ಟರಿನ ಪಕ್ಕದಲ್ಲಿ ಮುದುಡಿ ಕೂತಿದ್ದ.

ಆ ನಗು ಅವನನ್ನು ಬಿಡಲಿಲ್ಲ. ಅದೇ ಕಥೆಯನ್ನು ಮತ್ತೆ ಬರೆದ. ಹಾಡು ತೆಗೆದ, ಅಳು ತೆಗೆದ, ಮಾತುಗಳನ್ನೂ ಹೊಡೆದುಹಾಕಿದ. ಕೊನೆಗೆ ಉಳಿದದ್ದು ರೈಲಿಗೆ ಕಾಯುವ ಒಬ್ಬ ತಾಯಿ ಮಾತ್ರ. ಬರೆಯುವುದೆಂದರೆ ತೆಗೆಯುವುದು ಎಂದು ಅವನಿಗೆ ಆಗ ಗೊತ್ತಾಯಿತು. ಇನ್ನು ಬೇಕಾದದ್ದು ಒಂದು ಮುಖ.

ಅದು ಈ ಸ್ಟೇಷನ್ನಿನಲ್ಲಿ ಸಿಕ್ಕಿತು. ಗಂಗುಲಮ್ಮನ ಒಬ್ಬನೇ ಮಗ ಕೋನಪ್ಪ ಮಿಲಿಟರಿಗೆ ಸೇರಿದವನು. ಚೀನಾ ಯುದ್ಧ ಮುಗಿದ ಮೇಲೆ ಅವನು ಕಾಣೆಯಾಗಿದ್ದಾನೆಂದು ತಂತಿ ಬಂದಿತ್ತು. ಸತ್ತನೆಂದು ಹೇಳಿದವರಿಲ್ಲ, ಇದ್ದಾನೆಂದೂ ಇಲ್ಲ. ಮೊದಮೊದಲು ಅವಳು ಪ್ರತಿ ರೈಲನ್ನೂ ಹುಡುಕುತ್ತಿದ್ದಳಂತೆ. ಆಮೇಲೆ ಬಿಟ್ಟಿದ್ದಳು. ರೈಲು ಬಂದರೂ ಮರದಡಿಯಿಂದ ಏಳದೆ ಹಣ್ಣು ಮಾರಿಕೊಂಡಿದ್ದಳು. "ಇಳಿಯೋರಲ್ಲಿ ಮಗ ಇದಾನಾ ಅಂತ ನೋಡಮ್ಮ, ಅಷ್ಟೇ ಕೆಲಸ," ಎಂದು ಅವಳನ್ನು ಎಬ್ಬಿಸಿದವನು ಬಯ್ಯಪ್ಪ.

ಈಗ ಅವಳು ಕೂರುತ್ತಿರಲಿಲ್ಲ. ಶೂಟಿಂಗ್ ಇಲ್ಲದ ದಿನವೂ ಅವಳು ರೈಲಿನುದ್ದಕ್ಕೂ ನಡೆದಳೆಂದು ಸ್ಟೇಷನ್ನಿನ ಪೋರ್ಟರ್ ಹೇಳಿದ. ಬುಟ್ಟಿಯಲ್ಲಿ ಹಣ್ಣು ಕೊಳೆಯುತ್ತಿದ್ದವು.

"ಬಿಟ್ಟುಬಿಡಣ ಕಣೋ. ಆಯಮ್ಮಂಗೆ ನಿಜ ಆಗ್ತಾ ಐತೆ," ಎಂದ ನಲ್ಲಪ್ಪ, ಟೀ ಅಂಗಡಿಯಲ್ಲಿ. ಅವನು ಗೌರಿಬಿದನೂರಿಗೆ ಬಂದದ್ದು ಅಂದೇ, ಗಂಗುಲಮ್ಮ ಅವನನ್ನು ಇನ್ನೂ ಕಂಡಿರಲಿಲ್ಲ.

"ಅದೇ ನಂಗೆ ಬೇಕಾಗಿರೋದು." ಬಯ್ಯಪ್ಪ ಲೋಟ ಕೆಳಗಿಟ್ಟ. "ಒಂದೇ ಶಾಟ್ ಬಾಕಿ. ನಾಟಕ ಕಂಪನಿಯಿಂದ ಖಾಕಿ ಡ್ರೆಸ್ ತಂದಿದೀನಿ. ನೀನು ತೊಂಡೇಭಾವೀಲಿ ಹತ್ತು, ಇಲ್ಲಿ ಇಳಿ. ಕೈಲೊಂದು ಟ್ರಂಕು. ತಲೆ ತಗ್ಗಿಸ್ಕೊಂಡು ಬಾ."

"ಆಯಮ್ಮಂಗೆ ಹೇಳಿದೀಯಾ?"

"ಹೇಳಿದ್ರೆ ಆ ಮುಖ ಬರಲ್ಲ."

ನಲ್ಲಪ್ಪ ತನ್ನ ಲೋಟವನ್ನು ಪಕ್ಕಕ್ಕೆ ಸರಿಸಿದ. "ಇದು ಬ್ಯಾಡ ಬಯ್ಯ."

"ಆಮೇಲೆ ನಾನೇ ಹೇಳ್ತೀನಪ್ಪ, ಕಾಲಿಗೆ ಬೀಳ್ತೀನಿ. ಚಿಂತಾಮಣೀಲಿ ನಕ್ಕಿದ್ದು ಮರೆತುಬಿಟ್ಯಾ?"

ನಲ್ಲಪ್ಪ ಒಪ್ಪಿದ. ಗೆಳೆಯನಿಗೆ ಇಲ್ಲವೆಂದು ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ.

ಮರುದಿನ ಬೆಳಗ್ಗೆ ಮೋಡ ಕವಿದಿತ್ತು. ಎಲ್ಲಿಯೂ ನೆರಳಿಲ್ಲದ, ಬೂದಿಯಂಥ ಬೆಳಕು. ಗಂಗುಲಮ್ಮ ತಲೆಗೆ ನೀರು ಹಾಕಿಕೊಂಡು, ಎಣ್ಣೆ ಹಚ್ಚಿ ಬಾಚಿಕೊಂಡು ಬಂದಿದ್ದಳು. ಬುಟ್ಟಿ ತಂದಿರಲಿಲ್ಲ.

"ಯಾಕಮ್ಮ, ಇವತ್ತೇನು ವಿಶೇಷ?" ಎಂದು ಬಯ್ಯಪ್ಪ ಕೇಳಿದ.

"ಏನೋಪ್ಪ. ಎದ್ದ ಕೂಡ್ಲೆ ಹಂಗನ್ನಿಸ್ತು."

ಬಯ್ಯಪ್ಪ ಕೈಲಿದ್ದ ಕ್ಯಾಮೆರಾವನ್ನು ಕೆಳಗಿಳಿಸಿದ. ಆದರೆ ಅಷ್ಟರಲ್ಲಿ ಸಿಗ್ನಲ್ಲಿನ ಕೈಮರ ಬಿದ್ದಿತ್ತು. ಕ್ಯಾಮೆರಾಕ್ಕೆ ತುಂಬ ಚಾವಿ ಕೊಟ್ಟು ಕಣ್ಣಿಗೆ ಹಿಡಿದ.

ರೈಲು ನಿಂತಿತು. ಮೂಟೆಗಳು ಇಳಿದವು, ಅಲೀಪುರದ ಕಡೆ ಹೋಗುವ ಒಂದು ಸಂಸಾರ ಇಳಿಯಿತು, ಅವರ ಹಿಂದೆ ನಲ್ಲಪ್ಪ ಟ್ರಂಕು ಹಿಡಿದು ಇಳಿದ. ಗಂಗುಲಮ್ಮ ಎರಡು ಡಬ್ಬಿ ಆಚೆಯಿಂದಲೇ ಖಾಕಿಯನ್ನು ಕಂಡಳು. ಓಡಿ ಬರುತ್ತಾಳೆ ಎಂದು ಬಯ್ಯಪ್ಪ ಬರೆದಿದ್ದ. ಅವಳು ಓಡಲಿಲ್ಲ. ನಿಂತಲ್ಲೇ ನಿಂತಳು. ಕೈಗಳು ಸೀರೆಯನ್ನು ಸರಿಪಡಿಸಿಕೊಂಡವು. ಆಮೇಲೆ ನಿಧಾನವಾಗಿ, ಬೆಚ್ಚಿದರೆ ಹಾರಿಹೋಗುವ ಹಕ್ಕಿಯ ಹತ್ತಿರ ಹೋಗುವಂತೆ, ನಡೆದು ಬಂದಳು.

"ವೊಚ್ಚಿನಾವಾ ನಾಯ್ನಾ," ಎಂದಳು ಮನೆಯ ತೆಲುಗಿನಲ್ಲಿ, ಬಂದ್ಯಾ ಮಗನೇ ಎಂದು. ಕೈ ಎತ್ತಿ ನಲ್ಲಪ್ಪನ ಕೆನ್ನೆಯ ಮೇಲಿಟ್ಟಳು.

ಕೈ ಅಲ್ಲೇ ನಿಂತಿತು. ಮುಖದಲ್ಲಿ ಇದ್ದದ್ದೆಲ್ಲ ಒಂದು ಕ್ಷಣ ಬರಿದಾಯಿತು. ಆಮೇಲೆ ಅವಳು ನಕ್ಕಳು.

ಬಯ್ಯಪ್ಪ ಅದನ್ನೆಲ್ಲ ಕ್ಯಾಮೆರಾದ ಪುಟ್ಟ ಕಿಂಡಿಯಲ್ಲಿ ನೋಡುತ್ತಿದ್ದ. ಗುಂಡಿಯ ಮೇಲಿನ ಬೆರಳು ಅಲುಗಲಿಲ್ಲ. ಮುಂದೊಂದು ದಿನ ಬೆಂಗಳೂರಿನ ಒಂದು ಸಭಾಂಗಣದಲ್ಲಿ ಆ ಚಿತ್ರ ನೋಡಿದವರು ಯಾರೂ ನಗಲಿಲ್ಲ. ದೀಪ ಹತ್ತಿದ ಮೇಲೂ ಸುಮ್ಮನೆ ಕೂತಿದ್ದರು. ಆ ಮುಖವನ್ನು ಹೇಗೆ ಹಿಡಿದಿರಿ ಎಂದು ಕೇಳಿದವರಿಗೆ, "ಅವತ್ತು ಮೋಡ ಇತ್ತು, ಬೆಳಕು ಚೆನ್ನಾಗಿತ್ತು," ಎಂದಷ್ಟೇ ಅವನು ಹೇಳುತ್ತಿದ್ದ. ಅದು ಸುಳ್ಳಾಗಿರಲಿಲ್ಲ.

ಚಾವಿ ಮುಗಿಯುವ ಹೊತ್ತಿಗೆ ಗಂಗುಲಮ್ಮ ಖಾಲಿ ಟ್ರಂಕನ್ನು ತಲೆಯ ಮೇಲಿಟ್ಟುಕೊಂಡು ಹಳಿ ದಾಟುತ್ತಿದ್ದಳು. ಇನ್ನೊಂದು ಕೈಯಲ್ಲಿ ನಲ್ಲಪ್ಪನ ಮಣಿಕಟ್ಟು. ಅವನು ಒಮ್ಮೆ ತಿರುಗಿ ನೋಡಿದ. ಬಯ್ಯಪ್ಪ ಕೂಗಬೇಕೆಂದುಕೊಂಡ. ಆದರೆ ಮೊದಲು ಲೆನ್ಸಿಗೆ ಮುಚ್ಚಳ ಹಾಕಿದ, ಕ್ಯಾಮೆರಾವನ್ನು ಚೀಲದೊಳಗಿಟ್ಟು ಪಟ್ಟಿ ಬಿಗಿದ. ಆಮೇಲೆ ಹೊರಟ.

ಹಳಿಯ ಆಚೆ ಹೆಂಚಿನ ಒಂದಂಕಣದ ಮನೆ. ಬಾಗಿಲಿಗೆ ಹೋದಾಗ ನಲ್ಲಪ್ಪನ ಮುಂದೆ ಮುದ್ದೆ, ಹುರುಳಿ ಸಾರು ಇತ್ತು. ಅವನು ಮುರಿದ ತುತ್ತು ಕೈಯಲ್ಲೇ ಇತ್ತು. ಅವನು ಅವಳಿಗೆ ಇನ್ನೂ ನಿಜ ಹೇಳಿಲ್ಲವೆಂದು ಬಯ್ಯಪ್ಪನಿಗೆ ನೋಡಿದೊಡನೆ ತಿಳಿಯಿತು.

"ಅಮ್ಮ, ಇವನು..." ಎಂದ ಬಯ್ಯಪ್ಪ. "ಇವನು ನನ್ನ ಸ್ನೇಹಿತ. ನಲ್ಲಪ್ಪ. ನಾನೇ ಡ್ರೆಸ್ ಹಾಕ್ಸಿದ್ದು."

"ಗೊತ್ತಪ್ಪ," ಎಂದಳು ಗಂಗುಲಮ್ಮ, ಸಾರು ಬಡಿಸುತ್ತ. "ಕೆನ್ನೆ ಮುಟ್ಟಿದ್ ಕೂಡ್ಲೆ ಗೊತ್ತಾಯ್ತು. ನನ್ ಮಗಂಗೆ ಇಲ್ಲೊಂದು ಗಾಯದ ಗುರ್ತು ಐತೆ, ಕೈಗೆ ಸಿಕ್ತೈತೆ."

"ಮತ್ತೆ ಯಾಕಮ್ಮ ಕರ್ಕೊಂಡು ಬಂದೆ?"

"ಬಂದ್ಯಾ ಅಂತ ಬಾಯ್ಬಿಟ್ಟು ಕೇಳ್ದೆನಲ್ಲ, ಅಷ್ಟು ಜನದ ಮುಂದೆ. ಉಣ್ಣಕ್ಕಿಕ್ಕದೆ ಹೆಂಗೆ ಕಳಿಸ್ಲಿ?"

ಬಯ್ಯಪ್ಪ ಹೊಸ್ತಿಲಲ್ಲೇ ಕುಸಿದು ಕೂತ. ತಪ್ಪಾಯಿತೆಂದ. ಏನೇನೋ ಹೇಳಿದ, ಕಥೆಯೆಂದ, ಸಿನಿಮಾವೆಂದ. ಅವಳು ಸಾರಿನ ಮಡಕೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ನಮ್ತಾವ ಮಗಂದು ಫೋಟೋ ಇಲ್ಲಪ್ಪ," ಎಂದಳು. "ಒಂದೂ ತೆಗೆಸ್ಲಿಲ್ಲ. ಕಣ್ ಮುಚ್ಚಿದ್ರೆ ಬರ್ತಿದ್ದ, ನಂಗೆ ಅಷ್ಟೇ ಸಾಕಾಗಿತ್ತು. ಸ್ಟೇಷನ್ನಿಂದ ಬರ್ತಾ ದಾರಿ ಪೂರ್ತಿ ಮುಚ್ಚಿ ಮುಚ್ಚಿ ನೋಡ್ದೆ. ಈಗ ಈ ನಲ್ಲಪ್ಪನ ಮುಖಾನೇ ಬರ್ತೈತೆ."

ನಲ್ಲಪ್ಪ ತುತ್ತನ್ನು ತಟ್ಟೆಗೆ ಬಿಟ್ಟು ಎಡಗೈಯಿಂದ ಖಾಕಿ ಅಂಗಿಯ ಗುಂಡಿಗಳನ್ನು ಬಿಚ್ಚತೊಡಗಿದ. ಒಂದು ಕಿತ್ತು ನೆಲದ ಮೇಲೆ ಉರುಳಿತು. ಬೆವರಿಗೆ ಅಂಟಿಕೊಂಡ ತೋಳು ಬೇಗ ಬರಲಿಲ್ಲ.

"ತಣ್ಣಗಾಗ್ತೈತೆ, ಉಣ್ಣು ನಾಯ್ನಾ," ಎಂದಳು ಗಂಗುಲಮ್ಮ. ಸೌಟನ್ನು ಮಡಕೆಯ ಮೇಲಿಟ್ಟು ಗೋಡೆಯ ಕಡೆ ತಿರುಗಿ ಕೂತು ಕಣ್ಣು ಮುಚ್ಚಿದಳು. ತೆರೆದಳು. ಮತ್ತೆ ಮುಚ್ಚಿದಳು, ಈ ಸಲ ಬಿಗಿಯಾಗಿ, ಹಣೆಯ ನೆರಿಗೆಗಳೆಲ್ಲ ಒಂದಾಗುವಂತೆ.