ಮುಚ್ಚಳದ ಒಳಗಿನ ನಾಲ್ಕು ಸಹಿ

ಸಹಿ ಇರುವ ಹಳೆಯ ಯಂತ್ರಗಳಿಗೆ ಬೆಲೆ ಕಟ್ಟುವುದು ನನ್ನ ಕಸುಬು. ಹೆತ್ತವರಿಗೆ ಹೆಗ್ಗಣ ಮುದ್ದು. ತಂದವರೆಲ್ಲ ತಮ್ಮದೇ ಅಪರೂಪದ್ದು ಎನ್ನುತ್ತಾರೆ. ಸಂಗ್ರಹಕಾರರು ದುಡ್ಡು ಕೊಡುವುದು ತಗಡಿಗಲ್ಲ. ಮಾಡಿದವನ ಕೈ ಅದರ ಮೇಲೆ ಒಂದು ಗಳಿಗೆ ನಿಂತಿತ್ತಲ್ಲ, ಅದಕ್ಕೆ.

ಆ ದಿನ ರಿಪೇರಿ ಅಂಗಡಿ ನಡೆಸುವ ಹೆಂಗಸೊಬ್ಬಳು ತನ್ನ ತಂದೆಯನ್ನು ಕರೆದುಕೊಂಡು ಬಂದಳು. ತಂದದ್ದು ನಿಜಕ್ಕೂ ಅಪರೂಪದ್ದೇ: ಹೆಸರಾದ ಕಂಪ್ಯೂಟರೊಂದರ ಮೊದಲ ಮಾದರಿಯ ಮುಚ್ಚಳ. ಉಳಿದದ್ದೆಲ್ಲ ಎಂದೋ ಗುಜರಿಗೆ ಹೋಗಿತ್ತು. ಒಳಬದಿಯಲ್ಲಿ ಅದನ್ನು ಕಟ್ಟಿದ ನಾಲ್ವರ ಸಹಿಗಳಿದ್ದವು. ಮೂವರು ತೀರಿಕೊಂಡಿದ್ದರು, ನಾಲ್ಕನೆಯವರು ನನ್ನ ಎದುರಿಗೇ ಕೂತಿದ್ದರು. ಮಗಳ ಅಂಗಡಿಯಿರುವ ಕಟ್ಟಡ ಮಾರಾಟಕ್ಕೆ ಬಂದಿತ್ತು. ಈ ಮುಚ್ಚಳಕ್ಕೆ ಒಳ್ಳೆಯ ಬೆಲೆ ಬಂದರೆ ಅವಳೇ ಕೊಳ್ಳಬಹುದು, ಇಲ್ಲದಿದ್ದರೆ ಅಂಗಡಿ ಖಾಲಿ ಮಾಡಬೇಕು.

ಭೂತಗನ್ನಡಿ ಹಿಡಿದು ನೋಡಿದೆ. ಮೂರು ಸಹಿಗಳಲ್ಲಿ ಮಾಸಿದ ಶಾಯಿಯ ಮೇಲೆ ಹೊಸ ಶಾಯಿ ಕೂತಿತ್ತು.

“ಇದನ್ನ ಯಾರು ತಿದ್ದಿದ್ದು?”

“ನಾನೇ,” ಎಂದರು ಮುದುಕರು, ಹೆಮ್ಮೆಯಿಂದ. “ಹೋದ ವಾರ. ನೀಟಾಗಿ ಬಂದಿದೆ ಅಲ್ವಾ?”

ಮಗಳ ಮುಖ ಬಿಳುಚಿಕೊಂಡಿತು. “ಅಪ್ಪಾ! ಯಾಕಪ್ಪಾ ಮುಟ್ಟೋಕೆ ಹೋದೆ?”

“ಅವತ್ತು ಸಹಿ ಹಾಕೋವಾಗ ನನ್ನ ಸರದಿ ಬರೋ ಹೊತ್ತಿಗೆ ಪೆನ್ನಲ್ಲಿ ಇಂಕೇ ಇರ್ಲಿಲ್ಲ ಕಣಮ್ಮ. ಸೂಜೀಲಿ ಕೆತ್ತಿದೆ. ಈಗ ನೋಡಿದ್ರೆ ಅವರದೆಲ್ಲ ಅಳಿಸಿಹೋಗಿ ನಂದೊಂದೇ ಎದ್ದು ಕಾಣ್ತಿತ್ತು. ನಾನೊಬ್ಬನೇ ಮಾಡಿದ್ದು ಅಂತ ಜನ ಅಂದ್ಕೊಳ್ಳಲ್ವಾ?”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದರೆ ಇದೇ. ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ. ಮಾಸಿದ ಸಹಿಗೆ ಬೆಲೆಯುಂಟು. ಜೊತೆಗಿದ್ದ ಗೆಳೆಯನೇ ತಿದ್ದಿದರೂ ತಿದ್ದಿದ್ದು ನಕಲಿಯೇ. ಸುತ್ತಿಬಳಸದೆ ಹಾಗೆಂದೇ ಹೇಳಿದೆ.

ಮಗಳು ಸುಲಭಕ್ಕೆ ಬಿಡಲಿಲ್ಲ. “ನಮ್ಮಪ್ಪಂದು ಅಸಲಿ ಇದೆಯಲ್ಲ ಸರ್. ಅದಕ್ಕೆಷ್ಟು?”

“ಬದುಕಿರೋರ ಸಹಿಗೆ ಯಾರೂ ಮುಗಿಬೀಳಲ್ಲಮ್ಮ. ಬೇಕಾದಷ್ಟು ಹಾಕಿಸ್ಕೊಬಹುದಲ್ಲ. ಸದ್ಯಕ್ಕೆ ಏನೂ ಬರಲ್ಲ.”

ಮುದುಕರು ಗಟ್ಟಿಯಾಗಿ ನಕ್ಕರು. “ಸದ್ಯಕ್ಕೆ ಅಂತೆ! ಸ್ವಲ್ಪ ತಾಳಮ್ಮ, ಬೆಲೆ ಬರತ್ತೆ.”

ಅವಳು ನಗಲಿಲ್ಲ. ಮುಚ್ಚಳವನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು.

“ಆ ಬೆಲೆ ಬರೋದೇ ಬೇಡ ಬಿಡಿ ಸರ್,” ಎಂದು ನನಗೆ ಹೇಳಿ, ಅಪ್ಪನ ಕೈ ಹಿಡಿದು ಎಬ್ಬಿಸಿದಳು.