ಪು. ೫

ಭಾನುವಾರ ಮಧ್ಯಾಹ್ನ ಮೂರು ಗಂಟೆ. ನಾಲ್ಕಕ್ಕೆ ಆಟ. ತೋಳ ಮೊದಲು ಯಾರ ಮೇಲೆ ಬೀಳಬೇಕು ಎಂಬುದನ್ನು ಮಾತ್ರ ಪುಟ್ಟಿ ಇನ್ನೂ ತೀರ್ಮಾನಿಸಿರಲಿಲ್ಲ.

ಆಟವೆಂದರೆ ಬಾಯಿಮಾತಿನ ಆಟ. ಒಬ್ಬರು ಕಥೆ ಹೇಳುವವರು, ಉಳಿದವರು ಆ ಕಥೆಯೊಳಗಿನ ವೀರರು. ಏಟು ಬಿತ್ತೋ ತಪ್ಪಿತೋ ಎಂದು ಹೇಳುವುದು ದಾಳ; ಏಟು ಬಿದ್ದಷ್ಟೂ ಉಸಿರು ಕಡಿಮೆ, ಉಸಿರು ಮುಗಿದರೆ ಆಟದಿಂದ ಹೊರಗೆ. ಭೂತ, ಮೃಗಗಳೆಲ್ಲ ಕಥೆ ಹೇಳುವವರ ಕೈಯಲ್ಲಿ. ಶಾಲೆಯ ದಿನಗಳಲ್ಲಿ ಆ ಕೆಲಸ ಅಣ್ಣನದು. ಅಮ್ಮನ ಹೊಲಿಗೆ ಡಬ್ಬಿಯ ಗುಂಡಿಗಳೇ ಮೃಗಗಳು. ಒಂದು ಕಾಲು ಗಿಡ್ಡವಾದ ಊಟದ ಮೇಜೇ ಕಾಡು, ಗವಿ, ಕೋಟೆ ಎಲ್ಲ. ಅಣ್ಣ ಗುರುಗುಟ್ಟಿದರೆ ಸಾಕು, ಗಂಟಲಿನ ದೆಸೆಯಿಂದಲೇ ಗುಡುಗಮ್ಮ ಎನಿಸಿಕೊಂಡಿದ್ದ ಚಿಕ್ಕಪ್ಪನ ಮಗಳು ಕೂಡ ಎರಡೂ ಕಾಲು ಕುರ್ಚಿಯ ಮೇಲೆತ್ತಿಕೊಂಡು ಮುದುರಿ ಕೂರುತ್ತಿದ್ದಳು.

ಅಷ್ಟು ವರ್ಷ ಎಲ್ಲರನ್ನೂ ಆಡಿಸಿದ ಅಣ್ಣ ಒಮ್ಮೆಯೂ ತಾನು ಆಡಿರಲಿಲ್ಲ. ಈಗ ಅವನು ಲಿಫ್ಟ್ ರಿಪೇರಿ ಮಾಡುವವನು. ಹೋದ ವಾರ ಗ್ರೀಸ್ ಹತ್ತಿದ ಕೈ ಉಜ್ಜಿಕೊಳ್ಳುತ್ತ, "ಒಂದ್ಸಲ ನಾನೂ ಆಡ್ಬೇಕು ಕಣೇ. ನೀನು ಕಥೆ ಹೇಳ್ತೀಯಾ?" ಎಂದಿದ್ದ. ನಾಲ್ಕು ಜನರೆದುರು ಬಾಯಿ ಬಿಡಲು ಬೆವರುವ ಪುಟ್ಟಿ ಯೋಚಿಸದೆ ಹೂಂ ಅಂದುಬಿಟ್ಟಿದ್ದಳು.

ಅದಕ್ಕೇ ಅವನ ಹಳೇ ನೋಟ್‌ಬುಕ್ಕು ಹೊರಬಂದಿತ್ತು. ಎರಡು ತಲೆ ತೋಳದ ಪುಟದಲ್ಲಿ ಕೋಳಿಕಾಲಿನ ಅಕ್ಷರ: 'ಒಂದು ತಲೆಗೆ ಹಸಿವು, ಇನ್ನೊಂದಕ್ಕೆ ಬೆಂಕಿ ಕಂಡರೆ ಸಿಟ್ಟು. ದೀಪ ಹಿಡಿದವರ ಮೇಲೆ ಮೊದಲು ಹಾರುತ್ತದೆ. ಪು. ೫.'

ಐದನೇ ಪುಟ ತೆಗೆದಳು. ಅಲ್ಲಿ ಕಪ್ಪೆಯ ಚಿತ್ರ. ಬಾವಲಿಯ ಕೆಳಗೂ ಪು. ೫, ಕಲ್ಲುಭೂತದ ಕೆಳಗೆ ಪು. ೬. ಆರನೇ ಪುಟದಲ್ಲಿ ಅರ್ಧ ಮುಗಿದ ಭೂಗೋಳದ ಹೋಂವರ್ಕು. ಮೂರು ಸಲ ಹಿಂದೆ ಮುಂದೆ ತಿರುವಿದ ಮೇಲೆ ಹೊಳೆಯಿತು. ಪು. ಎಂದರೆ ಪುಟ ಅಲ್ಲ, ಪುಟ್ಟಿ; ಅಂಕಿ ಎಂದರೆ ಸುತ್ತು.

ಆಗೆಲ್ಲ ದೀಪ ಹಿಡಿಯುತ್ತಿದ್ದವಳು ಅವಳೇ. ತೋಳ ಮೊದಲ ಸುತ್ತಿನಲ್ಲೇ ಅವಳ ಮೇಲೆ ಹಾರಬೇಕಿತ್ತು. ಆದರೆ ಅದು ಗುಡುಗಮ್ಮನನ್ನು ಕಚ್ಚಿತ್ತು, ಕನ್ನಡಕ ಎಂದೇ ಎಲ್ಲರೂ ಕರೆಯುತ್ತಿದ್ದ ಪಕ್ಕದ ಮನೆಯ ಹುಡುಗನನ್ನು ಕೆಡವಿತ್ತು; ಐದನೇ ಸುತ್ತಿಗೆ ಕುಂಟುತ್ತ ಇವಳ ಬಳಿ ಬಂದಾಗ ಅದರಲ್ಲಿ ಹೆಚ್ಚು ಉಸಿರು ಉಳಿದಿರಲಿಲ್ಲ. ಒಂದೇ ಏಟಿಗೆ ಉರುಳಿಸಿ, ದಿನಚರಿಯಲ್ಲಿ ಕೆಂಪು ಶಾಯಿಯಿಂದ 'ತೋಳ ಹೊಡೆದೆ' ಎಂದು ಬರೆದಿದ್ದಳು. ಕಾಲೇಜಿನ ಮೌಖಿಕ ಪರೀಕ್ಷೆಯ ಬಾಗಿಲಲ್ಲಿ ಹೆಜ್ಜೆ ನಿಂತಾಗಲೂ ಅದೇ ತೋಳವನ್ನು ನೆನೆದು ಒಳಗೆ ಹೋಗಿದ್ದಳು.

ಸಿಟ್ಟು ಬಂತು. ಸಿಟ್ಟಿನ ಬೆನ್ನಿಗೇ ಮೇಜಿನಾಚೆ ಮೀಸೆ ಮೂಡದ ಅಣ್ಣ ಕಂಡ. ತಂಗಿ ಒಮ್ಮೆ ಸೋತರೆ ಮತ್ತೆ ಆಟದ ಹತ್ತಿರವೂ ಸುಳಿಯುವುದಿಲ್ಲವೆಂದು ಬಲ್ಲವನು. ಅಕ್ಷರ ಮಂಜಾಯಿತು.

ಈ ಸಲ ದೀಪ ಕೇಳಿ ಪಡೆದವನು ಅಣ್ಣ. ತೋಳ ತನ್ನ ಸ್ವಭಾವದಂತೆ ಹಾರಿದರೆ ಅವನ ಮೊಟ್ಟಮೊದಲ ಆಟ ಐದೇ ನಿಮಿಷದಲ್ಲಿ ಮುಗಿದೀತು. ಪುಟ್ಟಿ ಪೆನ್ಸಿಲಿನಲ್ಲಿ 'ಅ. ೫' ಎಂದು ಬರೆದಳು. ಅಳಿಸಲೂ ಮನಸ್ಸಿಲ್ಲ, ಇರಲಿ ಎನ್ನಲೂ ಮನಸ್ಸಿಲ್ಲ. ಅಷ್ಟರಲ್ಲಿ ಕರೆಗಂಟೆ ಸದ್ದು ಮಾಡಿತು.

ಅಣ್ಣ ಅವಳ ಹಳೇ ಜಾಗದಲ್ಲಿ, ಮೇಜು ವಾಲುವ ಕಡೆ ಕೂತ. ದೀಪವೆಂದು ಕೊಟ್ಟ ಹಳದಿ ಗುಂಡಿಯನ್ನು ಬೀಳದಂತೆ ಮುಷ್ಟಿಯಲ್ಲಿ ಹಿಡಿದ. ಗವಿಯೊಳಗೆ ಎರಡು ಜೊತೆ ಕಣ್ಣು ಹೊಳೆದವು ಎಂದು ಪುಟ್ಟಿ ಶುರು ಮಾಡಿದಳು.

ಔಷಧಿ ಅಂಗಡಿ ಮುಚ್ಚಿ ಬಂದಿದ್ದ ಕನ್ನಡಕ ಕತ್ತಿ ಹಿರಿಯುತ್ತೇನೆಂದ. ಗುಡುಗಮ್ಮ ನಕ್ಕಳು. "ದೀಪದವನಿಗೇನು ಭಯ ಬಿಡೋ. ತಂಗೀನ ಮುಟ್ಟದ ತೋಳ ಅಣ್ಣನ್ನ ಮುಟ್ಟುತ್ತಾ?"

ಅಂದರೆ ಎಲ್ಲರಿಗೂ ಗೊತ್ತಿತ್ತು, ತನ್ನೊಬ್ಬಳನ್ನು ಬಿಟ್ಟು. ಪುಟ್ಟಿ ಅಣ್ಣನ ಕಡೆ ನೋಡಿದಳು. ಅವನು ನಗಲಿಲ್ಲ. ಗುಂಡಿ ಹಿಡಿದ ಬೆರಳು ಬೆಳ್ಳಗಾಗಿದ್ದವು; ಕಣ್ಣು ತೋಳದ ಮೇಲಿತ್ತು. ಆ ಭಯವನ್ನು ಸುಳ್ಳು ಮಾಡಲು ಅವಳಿಗೆ ಮನಸ್ಸು ಬರಲಿಲ್ಲ.

"ತೋಳ ದೀಪದ ಮೇಲೆ ಹಾರುತ್ತೆ," ಎಂದಳು.

ದಾಳ ಉರುಳಿತು. ಏಟು ಭರ್ಜರಿಯಾಗಿ ಬಿತ್ತು. ವೀರನಲ್ಲಿ ಉಳಿದದ್ದು ಒಂದೇ ಒಂದು ಉಸಿರು.

"ಇಷ್ಟು ಹೆದರಿಕೆ ಆಗುತ್ತೆ ಅಂತ ಗೊತ್ತೇ ಇರ್ಲಿಲ್ಲ ಕಣೇ," ಅಂದ ಅಣ್ಣ, ಮೆಲ್ಲಗೆ.

"ನಂಗೂ ಗೊತ್ತಿರ್ಲಿಲ್ಲ. ನನ್ನ ಸರದಿ ಐದನೇ ಸುತ್ತಿಗೆ ಬರ್ತಿತ್ತಲ್ಲ."

ಅವನ ಕಿವಿ ಕೆಂಪಾಯಿತು. ಮಾತು ತಪ್ಪಿಸಲು ದಾಳ ಎತ್ತಿಕೊಂಡ. ಅವನ ಎರಡೂ ಕಾಲು ಆಗಲೇ ಕುರ್ಚಿಯ ಮೇಲಿದ್ದವು.